ನೀಲಿ ಬಿಲ್ಲೆ ಎಲ್ಲಿ ಹೋಯಿತು?

ನಾಲ್ಕನೆಯ ಸ್ಕ್ರೂ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಮನೆಯ ರಿಪೇರಿ ಕೋಣೆಯಲ್ಲಿ ಮೇಜಿನ ಮೇಲೆ ಹಳೆಯ ಟವಲ್ಲು ಹಾಸಿ, ಅಣ್ಣನ ಕೆಂಪು ಗಿಟಾರನ್ನು ಅದರ ಮೇಲೆ ಬೋರಲು ಮಲಗಿಸಿದ್ದಳು ಕಡ್ಡಿ. ಗಿಟಾರಿನ ಬೆನ್ನಿಗೆ ಅಂಗೈಯಗಲದ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಅದರ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಮೂರು ಸದ್ದಿಲ್ಲದೆ ಬಂದು ಅಣ್ಣನ ಆಯಸ್ಕಾಂತದ ತಟ್ಟೆಯಲ್ಲಿ ಕೂತಿದ್ದವು. ಇದೊಂದು ಓರೆಯಾಗಿ ಮರಕ್ಕೆ ಕಚ್ಚಿಕೊಂಡಿತ್ತು. ಒತ್ತಿದರೆ ಸ್ಕ್ರೂಡ್ರೈವರ್ ಜಾರುತ್ತದೆ, ಜಾರಿದರೆ ಸದ್ದಾಗುತ್ತದೆ, ಸದ್ದಾದರೆ ಪಕ್ಕದ ಕೋಣೆಯಲ್ಲಿ ತಲೆನೋವೆಂದು ಮಲಗಿರುವ ಅತ್ತಿಗೆ ಎದ್ದುಬರುತ್ತಾರೆ.

ಎದ್ದುಬಂದರೆ ಮುಗಿಯಿತು ಕಥೆ. ಬೆಳಿಗ್ಗೆ ಗಿಟಾರನ್ನು ಮನೆಗೆ ವಾಪಸ್ ಕೊಡುವಾಗ ಇನ್‌ಸ್ಪೆಕ್ಟರು ಇಬ್ಬರಿಗೂ ಬೆರಳೆತ್ತಿ ಹೇಳಿದ್ದರು: "ನಾಳೆ ಹತ್ತು ಗಂಟೆಗೆ ಹೇಳಿಕೆಗೆ ಸಹಿ ಬೀಳೋವರೆಗೂ ಇದನ್ನ ಯಾರೂ ಬಿಚ್ಚೋ ಹಾಗಿಲ್ಲ."

ಸಹಿ ಹಾಕಬೇಕಾದವಳು ಕಡ್ಡಿಯೇ. ಹದಿನೆಂಟು ದಿನದ ಹಿಂದೆ ರಿಹರ್ಸಲ್ ಕೋಣೆಯಲ್ಲಿ ಗಿಟಾರ್ ಹಿಡಿದುಕೊಂಡೇ ಮೈಕ್ ಮುಟ್ಟಿದ ಅಣ್ಣ ಕರೆಂಟು ಹೊಡೆದು ಸತ್ತಿದ್ದ. ಆಂಪ್ಲಿಫೈಯರಿನ ಪ್ಲಗ್ಗಿನೊಳಗೆ ಅರ್ತಿಂಗ್ ವೈರು ಕಳಚಿ ಕರೆಂಟಿನ ಪಿನ್ನಿಗೆ ತಾಗಿಕೊಂಡಿತ್ತು. ಆ ಪ್ಲಗ್ಗನ್ನು ಅದರ ಹಿಂದಿನ ಭಾನುವಾರವಷ್ಟೇ ಹಾಕಿಕೊಟ್ಟವಳು ತಂಗಿ ಕಡ್ಡಿ.

ಬಿಗಿ ಮಾಡಿದ್ದೆನೋ ಇಲ್ಲವೋ? ಈ ಹದಿನೆಂಟು ದಿನ ಅವಳು ಬೇರೇನನ್ನೂ ಯೋಚಿಸಿರಲಿಲ್ಲ. ಕೆಂಪು ವೈರನ್ನು ಬಿಗಿ ಮಾಡಿದ್ದು ನೆನಪಿದೆ. ಕಪ್ಪು ವೈರನ್ನು ಮಾಡಿದ್ದೂ ನೆನಪಿದೆ. ಅರ್ತಿಂಗಿನ ಹಸಿರು ವೈರಿನ ಹತ್ತಿರ ಬಂದಾಗ ಅಣ್ಣ ಏನೋ ತಮಾಷೆ ಮಾಡಿದ್ದ, ಇಬ್ಬರೂ ನಕ್ಕಿದ್ದರು. ಆ ನಗುವಿನಲ್ಲಿ ಕೈ ಮರೆಯಿತೇ? ಅನ್ನ ಕಲಸುವಾಗ, ತಲೆ ಬಾಚುವಾಗ, ಬಸ್ಸಿನಲ್ಲಿ ನಿಂತಾಗಲೂ ಆ ಸ್ಕ್ರೂವನ್ನು ಮನಸ್ಸಿನಲ್ಲೇ ತಿರುಗಿಸುತ್ತಿದ್ದಳು. ಅಷ್ಟು ತಿರುಗಿಸಿದರೂ ಅದು ಒಂದು ಸಲವೂ ಬಿಗಿಯಾಗಿರಲಿಲ್ಲ.

ನೆಂಟರು ಅವಳ ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಬೆನ್ನು ತಿರುಗಿಸಿದರೆ ಸಾಕು, "ಅಣ್ಣನ್ನ ತಿಂದ್ಕೊಂಡ್ಳು" ಎಂಬ ಪಿಸುಮಾತು ಕಿವಿಗೆ ಬೀಳುತ್ತಿತ್ತು. ಅತ್ತಿಗೆ ಪಾಪ, ಅಷ್ಟೂ ಅಂದವರಲ್ಲ. ನಿನ್ನೆ ಊಟದ ತಟ್ಟೆಯ ಮುಂದೆ ಕೂತು ಮೆಲ್ಲಗೆ ಹೇಳಿದ್ದರು: "ಸಹಿ ಹಾಕಿಬಿಡಮ್ಮ. ಗೊತ್ತಿಲ್ದೆ ಆಗಿದ್ದು ಅಂತ ಬರ್ಕೋತಾರೆ. ಎಷ್ಟು ದಿನ ಅಂತ ಹಿಂಗೆ ಸ್ಟೇಷನ್ನಿಗೆ ಅಲೀತೀಯ? ಆದದ್ದು ಆಯ್ತು."

ಹಾಕಿಬಿಡೋಣ ಎಂದೇ ಅವಳೂ ತೀರ್ಮಾನಿಸಿದ್ದಳು. ಆದರೆ ಇವತ್ತು ಬೆಳಿಗ್ಗೆ ಗಿಟಾರ್ ಪೆಟ್ಟಿಗೆಯನ್ನು ಒಳಗೆ ತಂದಿಡುವಾಗ ಒಂದು ಮಾತು ತಟ್ಟನೆ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡಳು.

ಪ್ಲಗ್ಗು ಕಳಚಿದ್ದರೂ ಅಣ್ಣ ಸಾಯಬಾರದಿತ್ತು.

ಏಕೆಂದರೆ ಅಣ್ಣ ತನ್ನ ಗಿಟಾರುಗಳನ್ನು ಅಂಗಡಿಯಿಂದ ಬಂದ ಹಾಗೆ ಬಾರಿಸಿದವನೇ ಅಲ್ಲ. ಯಾವ ಗಿಟಾರಾದರೂ ತಂತಿಗಳೆಲ್ಲ ಬ್ರಿಜ್ಜು ಎಂಬ ಲೋಹದ ಪಟ್ಟಿಗೆ ಬಂದು ಸೇರುತ್ತವೆ. ಬ್ರಿಜ್ಜಿನ ಅಡಿಯಿಂದ ಒಂದು ವೈರು ಒಳಗೆ ಇಳಿದು ಆಂಪ್ಲಿಫೈಯರಿನ ಅರ್ತಿಂಗಿಗೆ ಹೋಗುತ್ತದೆ. ಅದಿಲ್ಲದಿದ್ದರೆ ಗುಂಯ್ ಎಂಬ ಸದ್ದು. ಆದರೆ ಆಂಪ್ಲಿಫೈಯರು ಕೆಟ್ಟು ಅದರ ಮೈಗೇ ಕರೆಂಟು ಬಂದರೆ, ಅದೇ ವೈರಿನಲ್ಲಿ ಹತ್ತಿ ಬಾರಿಸುವವನ ಬೆರಳಿಗೆ ಬರುತ್ತದೆ. ಹದಿನೇಳನೆಯ ವಯಸ್ಸಿನಲ್ಲಿ ಒಮ್ಮೆ ಹಾಗೆ ಹೊಡೆಸಿಕೊಂಡು ಗೋಡೆಗೆ ಬಿದ್ದಿದ್ದ ಅಣ್ಣ, ಅಂದಿನಿಂದ ತಾನು ಬಿಚ್ಚಿದ ಪ್ರತಿ ಗಿಟಾರಿನಲ್ಲೂ ಆ ವೈರನ್ನು ಕತ್ತರಿಸಿ ನಡುವೆ ಒಂದು ಕೆಪಾಸಿಟರನ್ನು ಬೆಸೆಯುತ್ತಿದ್ದ. ಅಂಗಿಯ ಗುಂಡಿಯಷ್ಟು ದೊಡ್ಡ ನೀಲಿ ಬಿಲ್ಲೆ.

"ಇದು ಬಾಗ್ಲಿಗೆ ಹಾಕೋ ಸರಪಳಿ ಇದ್ದ ಹಾಗೆ ಕಣೇ ಕಡ್ಡಿ," ಅನ್ನುತ್ತಿದ್ದ. "ಸದ್ದನ್ನ ಹೊರಗೆ ಬಿಡತ್ತೆ, ಕಳ್ಳನ್ನ ಒಳಗೆ ಬಿಡಲ್ಲ."

ನೀಲಿ ಬಿಲ್ಲೆ ಇದ್ದರೆ ಕೈ ಜುಂ ಅನ್ನಬೇಕಿತ್ತು, ಅಷ್ಟೇ. ಜೀವ ಹೋಗಬಾರದಿತ್ತು. ಆ ಭಾನುವಾರ ಪ್ಲಗ್ಗು ಹಾಕಿದ ಮೇಲೆ ಇದೇ ಮುಚ್ಚಳ ಬಿಚ್ಚಿ, ಕರಕರ ಅನ್ನುತ್ತಿದ್ದ ವಾಲ್ಯೂಮ್ ನಾಬಿನ ಒಳಗೆ ಇಬ್ಬರೂ ಸೇರಿ ಕ್ಲೀನರ್ ಹೊಡೆದಿದ್ದರು. ಬಿಲ್ಲೆಯನ್ನು ಅವಳು ಕಣ್ಣಾರೆ ಕಂಡಿದ್ದಳು.

ಅದಕ್ಕೇ ಈ ಕಳ್ಳಗೆಲಸ.

ಕಡ್ಡಿ ಡ್ರಾಯರಿನಿಂದ ಅಗಲವಾದ ಒಂದು ರಬ್ಬರ್ ಬ್ಯಾಂಡ್ ತೆಗೆದು ಹಟಮಾರಿ ಸ್ಕ್ರೂವಿನ ತಲೆಯ ಮೇಲಿಟ್ಟಳು. ಅದರ ಮೇಲೆ ಸ್ಕ್ರೂಡ್ರೈವರನ್ನು ಊರಿ, ಉಸಿರು ಬಿಗಿಹಿಡಿದು ಎಡಗೈಯಿಂದ ತಿರುಗಿಸಿದಳು. ರಬ್ಬರು ಕಚ್ಚಿತು. ಕಿರ್ ಎಂದು ಸ್ಕ್ರೂ ಸಡಿಲವಾಯಿತು.

ಹೊರಬಂದ ಸ್ಕ್ರೂವಿನ ಜೊತೆ ಚಿಟಿಕೆಯಷ್ಟು ಮರದ ಪುಡಿಯೂ ಉದುರಿತು. ಬೆಳ್ಳನೆಯ ಹಸಿ ಪುಡಿ.

ಸ್ಕ್ರೂ ಹಾಕುವ ಮುಂಚೆ ಮೊದಲು ಹಿಂದಕ್ಕೆ ತಿರುಗಿಸಬೇಕು, ಟಿಕ್ ಎಂದು ಹಳೆಯ ಜಾಡಿಗೆ ಬಿದ್ದ ಮೇಲೆಯೇ ಮುಂದಕ್ಕೆ ಬಿಗಿ ಮಾಡಬೇಕು. ಇಲ್ಲವಾದರೆ ಸ್ಕ್ರೂ ಮರದಲ್ಲಿ ಹೊಸ ಜಾಡು ಕೊರೆಯುತ್ತದೆ, ನಾಲ್ಕು ಸಲಕ್ಕೆ ತೂತು ಪೊಳ್ಳಾಗುತ್ತದೆ. ಅಣ್ಣ ಅವಳಿಗೆ ಹೇಳಿಕೊಟ್ಟ ಮೊದಲ ಪಾಠ ಅದು. ಅಣ್ಣ ಇದನ್ನು ಹೀಗೆ ಓರೆಯಾಗಿ ಹಾಕುವವನಲ್ಲ. ತಾನೂ ಅಲ್ಲ.

ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದಳು.

ನೀಲಿ ಬಿಲ್ಲೆ ಇರಲಿಲ್ಲ.

ಬ್ರಿಜ್ಜಿನ ಕಡೆಯ ತೂತಿನಿಂದ ಇಳಿದ ಕಪ್ಪು ವೈರಿಗೆ ಇನ್ನೊಂದು ಕಪ್ಪು ವೈರನ್ನು ಹೆಣೆದು, ಬೆಸೆದು, ನೆಟ್ಟಗೆ ವಾಲ್ಯೂಮ್ ನಾಬಿನ ಬೆನ್ನಿಗೆ ಸೇರಿಸಿದ್ದರು. ಯಾವ ಪುಸ್ತಕ ತೆರೆದು ನೋಡಿದರೂ ಇದೇ ಸರಿಯಾದ ವೈರಿಂಗ್ ಎಂದು ಹೇಳುತ್ತದೆ. ಈ ಮನೆಯಲ್ಲಿ ಮಾತ್ರ ಅದು ಸರಿಯಲ್ಲ.

ಕಡ್ಡಿಗೆ ಮೊದಲು ಬಂದದ್ದು ಅಳು. ಸೆರಗಿನಂತೆ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು. ನಾನಲ್ಲ. ಅಣ್ಣಾ, ನಾನಲ್ಲ ಕಣೋ. ಬಿಲ್ಲೆ ಕಿತ್ತವರು ಪ್ಲಗ್ಗನ್ನೂ ಬಿಚ್ಚಿರಲೇಬೇಕು. ಹದಿನೆಂಟು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಒಂದು ಕ್ಷಣ ಇಳಿಯಿತು.

ಆಮೇಲೆ ಇನ್ನೊಂದು ಹೊಳೆಯಿತು. ತಾನಲ್ಲ ಎಂದರೆ ಇನ್ಯಾರೋ. ಅಣ್ಣನ ಅಭ್ಯಾಸ ಬಲ್ಲವರು, ಬೆಸೆಯಬಲ್ಲವರು, ಸಾಯಿಸಲೆಂದೇ ಕೂತು ಕೆಲಸ ಮಾಡಿದವರು.

ಭಾನುವಾರ ಸಂಜೆಯಿಂದ ಅಣ್ಣ ಸತ್ತ ಗುರುವಾರದವರೆಗೆ ಗಿಟಾರೂ ಆಂಪ್ಲಿಫೈಯರೂ ರಿಹರ್ಸಲ್ ಕೋಣೆಯಲ್ಲೇ ಇದ್ದವು. ಅಲ್ಲಿಗೆ ಮಧ್ಯಾಹ್ನ ಊಟದ ಡಬ್ಬಿ ಕೊಡಲು ಅತ್ತಿಗೆ ಹೋಗುತ್ತಿದ್ದರು. ಹೊರಗಿನವರಲ್ಲಿ ಹೋದವರು ಇಬ್ಬರೇ. ಒಬ್ಬ ಬಾಸ್ ಗಿಟಾರ್ ಬಾರಿಸುವ ಗೂಬೆ. ಬೀಗದ ಕೈ ಅವನ ಹತ್ತಿರವೂ ಒಂದಿತ್ತು ನಿಜ, ಆದರೆ ಸ್ಕ್ರೂಡ್ರೈವರನ್ನು ಯಾವ ಕಡೆ ಹಿಡಿಯಬೇಕೆಂದೇ ಅವನಿಗೆ ತಿಳಿಯದು. ತಂತಿ ಹರಿದರೆ ಅಣ್ಣನ ಮುಂದೆ ತಂದಿಟ್ಟು ಹಲ್ಲು ಕಿರಿಯುತ್ತಿದ್ದ.

ಇನ್ನೊಬ್ಬರು ರೇಡಿಯೋ ಮಾಮ. ನೆಂಟರೇನಲ್ಲ, ಬೀದಿಗೆಲ್ಲ ಮಾಮ. ನಲವತ್ತು ವರ್ಷದಿಂದ ರೇಡಿಯೋ, ಟೀವಿ, ಆಂಪ್ಲಿಫೈಯರು ರಿಪೇರಿ ಮಾಡಿಕೊಂಡು ಬಂದವರು. ಬುಧವಾರ ಆಂಪ್ಲಿಫೈಯರಿನ ಗುಂಯ್ ಸದ್ದು ನೋಡುತ್ತೇನೆಂದು ಆ ಕೋಣೆಯಲ್ಲಿ ಒಬ್ಬರೇ ಒಂದು ಗಂಟೆ ಕೂತಿದ್ದರು. ಅಣ್ಣನಿಗೆ ಬೆಸುಗೆ ಕಲಿಸಿದವರು, ನೀಲಿ ಬಿಲ್ಲೆಯ ಉಪಾಯ ಹೇಳಿಕೊಟ್ಟವರೂ ಅವರೇ.

ಪೊಲೀಸರು ಗಿಟಾರನ್ನು ಪರೀಕ್ಷೆಗೆ ಕೊಟ್ಟದ್ದೂ ಅವರಿಗೇ! ವರದಿಯ ಆ ಸಾಲು ಕಡ್ಡಿಗೆ ಬಾಯಿಪಾಠವಾಗಿತ್ತು: ಗಿಟಾರಿನ ಒಳಗಿನ ವೈರಿಂಗ್ ಕ್ರಮವಾಗಿದೆ, ದೋಷವಿಲ್ಲ.

ಬಿಲ್ಲೆ ಹಾಕಲು ಕಲಿಸಿದವರ ಕಣ್ಣಿಗೆ ಬಿಲ್ಲೆ ಇಲ್ಲದ್ದು ಕಾಣಲಿಲ್ಲವೇ?

ಅಷ್ಟರಲ್ಲಿ ಹೊರಗೆ ಚಪ್ಪಲಿ ಕಳಚಿದ ಸದ್ದಾಯಿತು.

ಮುಚ್ಚಳವನ್ನು ಮುಚ್ಚಲೂ ಸಮಯ ಸಿಗಲಿಲ್ಲ. ರಿಪೇರಿ ಕೋಣೆಯ ಬಾಗಿಲು ತೆರೆದುಕೊಂಡಿತು. ಕಂಕುಳಲ್ಲಿ ಚೀಲ ಇರುಕಿಕೊಂಡು ರೇಡಿಯೋ ಮಾಮ ನಿಂತಿದ್ದರು. ಅವರ ಕಣ್ಣು ಕಡ್ಡಿಯ ಮುಖ ನೋಡಲಿಲ್ಲ, ಸೀದಾ ಮೇಜಿನ ಮೇಲಿದ್ದ ಗಿಟಾರಿನ ತೆರೆದ ಬೆನ್ನಿಗೆ ಹೋಯಿತು.

"ಅತ್ತಿಗೆ ಎಲ್ಲಿ?" ಎಂದರು.

"ಮಲಗಿದ್ದಾರೆ."

"ಒಳ್ಳೇದಾಯ್ತು."

ಮಾಮ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಚಿಲಕ ಹಾಕಲಿಲ್ಲ, ಆದರೆ ಬಾಗಿಲಿಗೂ ಮೇಜಿಗೂ ನಡುವೆ ಸ್ಟೂಲು ಎಳೆದುಕೊಂಡು ಕೂತರು. ಈ ಕೋಣೆಗೆ ಕಿಟಕಿ ಎಂದರೆ ಎತ್ತರದಲ್ಲಿ ಒಂದು ಕಿಂಡಿ ಮಾತ್ರ. ಹಿಂದೆ ಗೋಡೆ, ಮುಂದೆ ಮಾಮ.

"ಬಿಚ್ಚಬೇಡಿ ಅಂದಿರ್ಲಿಲ್ವಾ ಅವ್ರು?"

"ಅಂದಿದ್ರು."

"ಮತ್ತೆ?"

ಸುಳ್ಳು ಹೇಳೋಣವೆಂದುಕೊಂಡಳು. ಬಾಯಿಗೆ ಬಂದದ್ದು ಬೇರೆ. "ಬಿಲ್ಲೆ ಎಲ್ಲಿ ಮಾಮ?"

ಮಾಮ ಚೀಲದ ಜಿಪ್ಪು ಎಳೆದರು. ಕಟರ್ ತೆಗೆದು ಮೇಜಿನ ಮೇಲಿಟ್ಟರು. ಸೀಸದ ಸುರುಳಿ ಇಟ್ಟರು. ಆಮೇಲೆ ಸೋಲ್ಡರಿಂಗ್ ಐರನ್ ತೆಗೆದು ಗೋಡೆಯ ಸಾಕೆಟ್ಟಿಗೆ ಚುಚ್ಚಿದರು. ಐದು ನಿಮಿಷದಲ್ಲಿ ಅದರ ತುದಿ ಮುಟ್ಟಿದರೆ ಚರ್ಮ ಕಿತ್ತುಬರುವಷ್ಟು ಕಾಯುತ್ತದೆಂದು ಕಡ್ಡಿಗೆ ಗೊತ್ತು. ಅವಳ ಕೈ ತಾನಾಗಿ ಸ್ಕ್ರೂಡ್ರೈವರಿನ ಮೇಲೆ ಹೋಯಿತು.

"ಕೂತ್ಕೋ," ಎಂದರು ಮಾಮ.

"ನಿಂತೇ ಇರ್ತೀನಿ. ನೀವು ಹೇಳಿ. ನೀವೇ ಕಲಿಸಿದ್ದು ಅವನಿಗೆ. ಊರಲ್ಲಿ ಬೇರೆ ಯಾರಿಗೆ ಗೊತ್ತಾಗದೆ ಇದ್ರೂ ನಿಮಗೆ ಗೊತ್ತಾಗ್ಬೇಕಿತ್ತು. ದೋಷ ಇಲ್ಲ ಅಂತ ಹೆಂಗೆ ಬರೆದ್ರಿ?"

"ಗೊತ್ತಾಯ್ತು."

"ಏನು?"

"ಮುಚ್ಚಳ ಎತ್ತಿದ ತಕ್ಷಣ ಗೊತ್ತಾಯ್ತು. ಗೊತ್ತಾಗಿಯೇ ಬರೀಲಿಲ್ಲ."

ಕೂಗಬೇಕು, ಅತ್ತಿಗೆಯನ್ನು ಎಬ್ಬಿಸಬೇಕು. ಆದರೆ ಗಂಟಲು ಸಹಕರಿಸಬೇಕಲ್ಲ? ಭಯವಾದಾಗ ಕೂಗುವವರೆಲ್ಲ ಕಥೆಯಲ್ಲಿ ಇರುತ್ತಾರೆ. ನಿಜವಾಗಿ ಭಯವಾದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

"ನೀವೇ ಕಿತ್ತಿದ್ದು," ಎಂದಳು. ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ದನಿ.

ಮಾಮ ಮೊದಲ ಸಲ ಅವಳ ಮುಖ ನೋಡಿದರು. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಅಲ್ಲಿದ್ದದ್ದೂ ಭಯವೇ. ಅದನ್ನು ಕಂಡು ಕಡ್ಡಿಯ ಹೆದರಿಕೆ ಇನ್ನೂ ಹೆಚ್ಚಾಯಿತು.

"ನಾನಾ? ಅವನನ್ನ ಮಗನ ಹಾಗೆ ಸಾಕಿದೆ ಕಣೇ. ಬುಧವಾರ ನಾನು ಹೋದಾಗ ಗಿಟಾರ್ ಪೆಟ್ಟಿಗೆ ಬಿಚ್ಚಲೇ ಇಲ್ಲ. ಆಂಪ್ಲಿಫೈಯರ್ ಚೆನ್ನಾಗಿತ್ತು, ಪ್ಲಗ್ಗೂ ಚೆನ್ನಾಗಿತ್ತು. ಬಿಚ್ಚಿ ನೋಡಿದೆ. ಮೂರೂ ಸ್ಕ್ರೂ ಬಿಗಿಯಾಗಿತ್ತು."

"ಬಿಗಿಯಾಗಿತ್ತಾ?"

"ಬಿಗಿಯಾಗಿತ್ತು."

ಹದಿನೆಂಟು ದಿನ ಅವಳು ಕಾದಿದ್ದ ಮಾತು ಅದು. ಎರಡು ಕೈಯಿಂದಲೂ ಮೇಜನ್ನು ಹಿಡಿದುಕೊಂಡಳು. "ಹಂಗಾದ್ರೆ ಇದನ್ನ ಇನ್‌ಸ್ಪೆಕ್ಟರಿಗೆ ಯಾಕೆ ಹೇಳ್ಲಿಲ್ಲ ಮಾಮ? ಸಾಯ್ತಾ ಇದ್ದೀನಿ ನಾನಿಲ್ಲಿ! ಎಲ್ಲ ನನ್ನ ಕೈ ತಪ್ಪು ಅಂತಿದ್ದಾರೆ!"

"ಕೈತಪ್ಪು ಅಂತ ಅನ್ನಲಿ ಅಂತಲೇ ಹೇಳ್ಲಿಲ್ಲ."

"ಏನು ಮಾತಾಡ್ತಿದ್ದೀರಿ?"

ಮಾಮ ಜೇಬಿನಿಂದ ಭೂತಗನ್ನಡಿ ತೆಗೆದು ಗಿಟಾರಿನ ಬೆನ್ನಿನ ಮೇಲೆ ಹಿಡಿದರು. "ಬಾ. ಈ ಹೆಣಿಗೆ ನೋಡು. ಎರಡು ವೈರು ಸೇರಿಸೋ ಮುಂಚೆ ತಿರುಚ್ತೀವಲ್ಲ, ಅದು. ನಾನು ತಿರುಚಿದ್ರೆ ಯಾವ ಕಡೆ ತಿರುಗತ್ತೆ?"

"ಬಲಕ್ಕೆ."

"ನಿಮ್ಮಣ್ಣ ತಿರುಚಿದ್ರೆ?"

"ಬಲಕ್ಕೆ."

"ಇದು ಯಾವ ಕಡೆ ತಿರುಗಿದೆ?"

ಕಡ್ಡಿ ಬಗ್ಗಿ ನೋಡಿದಳು. ಗಾಜಿನ ಕೆಳಗೆ ತಾಮ್ರದ ಎಳೆಗಳು ಎಡಕ್ಕೆ ಸುತ್ತಿಕೊಂಡಿದ್ದವು.

ಆ ಬೀದಿಯಲ್ಲಿ, ಆ ಬಳಗದಲ್ಲಿ ಎಡಚಿ ಎಂದರೆ ಕಡ್ಡಿ ಒಬ್ಬಳೇ. ವೈರನ್ನು ಎಡಕ್ಕೆ ತಿರುಚುತ್ತಾಳೆಂದು ಅಣ್ಣ ಅವಳನ್ನು ಅಣಕಿಸದ ದಿನವಿರಲಿಲ್ಲ. "ನಿನ್ನ ಬೆಸುಗೆಗೆ ರುಜು ಬೇಡ ಬಿಡು, ಲೋಕವೆಲ್ಲ ಪೂರ್ವಕ್ಕೆ ಹೋದ್ರೆ ನೀನು ಪಶ್ಚಿಮಕ್ಕೆ" ಎಂದು ನಗುತ್ತಿದ್ದ.

"ನಾನು ಮಾಡಿಲ್ಲ," ಎಂದಳು. ತನ್ನ ದನಿ ತನಗೇ ಸುಳ್ಳುಗಾತಿಯ ದನಿಯಂತೆ ಕೇಳಿಸಿತು.

"ನಂಬ್ತೀನಿ," ಎಂದರು ಮಾಮ, ನಂಬದವರ ಹಾಗೆ. "ನಾನು ನಂಬಿದ್ರೆ ಏನು ಬಂತು? ಇನ್‌ಸ್ಪೆಕ್ಟರ್ ನಂಬ್ತಾನಾ? ಪ್ಲಗ್ಗು ತಾನಾಗಿ ಕಳಚಿತು ಅಂದ್ರೆ ಅದು ಕೈತಪ್ಪು, ಹುಡುಗಿ ಕಲೀತಾ ಇದ್ಲು ಅಂತ ಬಿಡ್ತಾರೆ. ಬಿಲ್ಲೆಯನ್ನ ಯಾರೋ ಬೇಕಂತ ಕಿತ್ತಿದ್ದಾರೆ ಅಂದ ಕೂಡ್ಲೇ ಇದು ಕೊಲೆ. ಕೊಲೆ ಅಂದ್ರೆ ಯಾರ ಕೈ ಅಂತ ಹುಡುಕ್ತಾರೆ. ಕೈ ಇಲ್ಲೇ ಇದೆ ನೋಡು, ಎಡಕ್ಕೆ ತಿರುಗಿಕೊಂಡು."

"ಈ ಸ್ಕ್ರೂ ನೋಡಿ ಮಾಮ!" ಕಡ್ಡಿ ಆಯಸ್ಕಾಂತದ ತಟ್ಟೆಯನ್ನು ಮುಂದೆ ತಳ್ಳಿದಳು. "ಓರೆ ಹಾಕಿದ್ದಾರೆ. ಮರ ಕೊರೆದಿದೆ. ಪುಡಿ ಇನ್ನೂ ಹಸಿ ಇದೆ. ನಾನು ಹಂಗೆ ಹಾಕ್ತೀನಾ? ನೀವು ಹಾಕ್ತೀರಾ?"

"ನಾನು ಅದನ್ನ ಬಿಚ್ಚಲೇ ಇಲ್ಲ. ಮೂರು ತೆಗೆದು ಮುಚ್ಚಳ ಸರಿಸಿ ನೋಡಿದೆ, ಅಷ್ಟೇ. ಮರದ ಪುಡಿ ಬಂದು ಕೋರ್ಟಲ್ಲಿ ಸಾಕ್ಷಿ ಹೇಳಲ್ಲಮ್ಮ."

ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಅದು ಇದೇ. ಸಹಿ ಹಾಕಿದರೆ ಅಣ್ಣನನ್ನು ಅಜಾಗರೂಕತೆಯಿಂದ ಕೊಂದವಳು. ನಿಜ ಹೇಳಿದರೆ ಬೇಕೆಂದೇ ಕೊಂದವಳು. ಕೊಂದವರು ಮಾತ್ರ ಎಲ್ಲೋ ನೆಮ್ಮದಿಯಾಗಿ ಊಟ ಮಾಡಿಕೊಂಡು ಇದ್ದಾರೆ.

ಐರನ್ನಿನ ತುದಿಯಿಂದ ಸಣ್ಣಗೆ ಹೊಗೆ ಎದ್ದಿತು. ಮಾಮ ಅದನ್ನು ಒದ್ದೆ ಸ್ಪಂಜಿಗೆ ಒರೆಸಿದರು. ಚುಂಯ್ ಎಂದಿತು. ಆಮೇಲೆ ಅಂಗಿಯ ಜೇಬಿಗೆ ಎರಡು ಬೆರಳು ಹಾಕಿ ಒಂದು ಪೊಟ್ಟಣ ತೆಗೆದು ಬಿಚ್ಚಿದರು.

ಒಳಗೆ ಒಂದು ನೀಲಿ ಬಿಲ್ಲೆ ಇತ್ತು.

"ಹೊಸದು," ಎಂದರು ಅವಳ ಮುಖ ನೋಡಿ. "ಅಂಗಡೀಂದ ತಂದೆ. ನಾಳೆ ದೊಡ್ಡ ಆಫೀಸಿಂದ ಇನ್ನೊಬ್ಬ ಬರ್ತಾನಂತೆ. ನಿಮ್ಮಣ್ಣನ ಉಳಿದ ಗಿಟಾರುಗಳನ್ನೂ ಬಿಚ್ಚಿ ನೋಡ್ತಾನಂತೆ. ಐದರಲ್ಲೂ ಬಿಲ್ಲೆ ಇರತ್ತೆ, ಅವನು ಸತ್ತ ಗಿಟಾರಲ್ಲಿ ಮಾತ್ರ ಇರಲ್ಲ. ಅದಕ್ಕೇ ಓಡಿಬಂದೆ. ಆ ಹೆಣಿಗೆ ಕತ್ತರಿಸಿ ಬಿಸಾಕಿ ಇದನ್ನ ಹಾಕಿಬಿಡ್ತೀನಿ. ನಾಳೆ ನೀನು ಸಹಿ ಹಾಕು. ಬಿಲ್ಲೆ ಇದ್ದೂ ಹೋದ, ಹಣೆಬರಹ ಅಂತಾರೆ. ಇಲ್ಲಿಗೆ ಮುಗೀಲಿ."

"ಮುಗಿಯಲ್ಲ ಮಾಮ. ಅವನನ್ನ ಕೊಂದವರು?"

"ಹೋದವನು ಹೋದ. ಇರೋಳು ನೀನೊಬ್ಬಳು. ವೈರನ್ನ ಹಿಡ್ಕೋ, ನನಗೆ ಕೈ ನಡುಗತ್ತೆ."

ನಿಜವಾಗಿಯೂ ಅವರ ಕೈ ನಡುಗುತ್ತಿತ್ತು. ಎಷ್ಟೋ ಸಾವಿರ ಬೆಸುಗೆ ಹಾಕಿದ ಕೈ. ಕಡ್ಡಿ ಚಿಮುಟ ತೆಗೆದುಕೊಂಡಳು. ಹೌದು, ತೆಗೆದುಕೊಂಡಳು; ಯಾಕೆ ಮುಚ್ಚಿಡಬೇಕು? ಜೈಲಿನ ಹೆಸರು ಕೇಳಿದರೆ ಯಾರ ಕೈಯಾದರೂ ಚಿಮುಟದ ಕಡೆಗೇ ಹೋಗುತ್ತದೆ. ಐದೇ ನಿಮಿಷದ ಕೆಲಸ. ನಾಳೆ ಹತ್ತು ಗಂಟೆಗೆ ಒಂದು ಸಹಿ. ಆಮೇಲೆ ಜೀವಮಾನವೆಲ್ಲ ಬೆನ್ನ ಹಿಂದೆ ಪಿಸುಮಾತು, ಅಷ್ಟೇ ತಾನೇ?

ಚಿಮುಟದಿಂದ ಹೆಣಿಗೆಯನ್ನು ಎತ್ತಿ ಹಿಡಿದಳು. ಮಾಮ ಕಟರಿನ ಬಾಯಿ ತೆರೆದು ವೈರಿನ ಹತ್ತಿರ ತಂದರು.

"ನಿಲ್ಲಿ!" ಎಂದಳು ಕಡ್ಡಿ.

"ಏನು?"

"ನಿಲ್ಲಿ ಮಾಮ, ಕತ್ತರಿಸ್ಬೇಡಿ." ಭೂತಗನ್ನಡಿಯನ್ನು ಕಸಿದುಕೊಂಡು ಮೂಗು ತಾಗುವಷ್ಟು ಬಗ್ಗಿದಳು.

ತಿರುಚು ಎಡಕ್ಕೇ ಇತ್ತು, ಅನುಮಾನವಿಲ್ಲ. ಆದರೆ ಅವಳು ಮೂರು ಸುತ್ತು ಸುತ್ತಿ ಬಿಡುತ್ತಾಳೆ, ತುದಿಯನ್ನು ಕತ್ತರಿಸಿ ಎಸೆಯುತ್ತಾಳೆ. ಇಲ್ಲಿ ಏಳು ಸುತ್ತು, ಒಂದರ ಪಕ್ಕ ಒಂದು, ಒತ್ತೊತ್ತಾಗಿ. ಉಳಿದ ತುದಿಯನ್ನು ಕತ್ತರಿಸಿರಲಿಲ್ಲ. ಅದನ್ನು ಬಗ್ಗಿಸಿ, ಸುತ್ತಿನ ಅಡಿಗೆ ತೂರಿಸಿ, ಎಳೆದು ಬಿಗಿ ಮಾಡಿ, ಅದರ ಮೇಲೆ ಸೀಸ ಬಿಟ್ಟಿದ್ದರು.

ವೈರಿಗೆ ಯಾರೂ ಹಾಗೆ ಮಾಡುವುದಿಲ್ಲ. ಬಟ್ಟೆಗೆ ಗುಂಡಿ ಹೊಲಿಯುವವರು ದಾರಕ್ಕೆ ಹಾಗೆ ಮಾಡುತ್ತಾರೆ.

"ತುದಿನ ಒಳಗೆ ತೂರಿಸ್ಬೇಕಾಗಿಲ್ಲ ಅತ್ತಿಗೆ, ಇದೇನು ರವಿಕೆ ಗುಂಡೀನಾ?" ಎಂದು ತಾನೇ ನಕ್ಕದ್ದು ಕಡ್ಡಿಯ ಕಿವಿಯಲ್ಲಿ ಕೇಳಿಸಿತು. ಇದೇ ಮೇಜು. ಎರಡು ತಿಂಗಳಾಗಿರಲಿಲ್ಲ. ತಾವು ಕೆಲಸ ಮಾಡುವ ಹೊಲಿಗೆ ಅಂಗಡಿಯಿಂದ ಬಂದ ಮೇಲೆ ಆರು ಸಂಜೆ ಅತ್ತಿಗೆ ಅವಳ ಪಕ್ಕ ಕೂತು ಬೆಸುಗೆ ಕಲಿತಿದ್ದರು. ಕಲಿಸುವವಳು ಎಡಗೈಯಲ್ಲಿ ತಿರುಚಿದ್ದನ್ನು ನೋಡಿ, ವೈರನ್ನು ತಿರುಚುವುದೇ ಹಾಗೆ ಎಂದುಕೊಂಡು, ಬಲಗೈಯವರಾದರೂ ಎಡಕ್ಕೇ ತಿರುಚುತ್ತಿದ್ದರು. ತಿದ್ದಲು ಹೋಗಿರಲಿಲ್ಲ ಅವಳು. ತನ್ನಂತೆ ಇನ್ನೊಬ್ಬರು ಎಂದು ಖುಷಿಪಟ್ಟಿದ್ದಳು. ಅತ್ತಿಗೆ ಅವಳಿಂದ ಒಂದೇ ಒಂದು ಭಾಷೆ ತೆಗೆದುಕೊಂಡಿದ್ದರು. "ನಿಮ್ಮಣ್ಣನಿಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ. ಒಂದಿನ ಅವರ ಗಿಟಾರ್ ನಾನೇ ರಿಪೇರಿ ಮಾಡಿಕೊಟ್ಟು ಬೆರಗುಮಾಡ್ತೀನಿ."

ಅವಳು ಯಾರಿಗೂ ಹೇಳಿರಲಿಲ್ಲ.

"ಏನಾಯ್ತು? ಯಾಕೆ ಹಂಗೆ ಬಿಳಿಚಿಕೊಂಡೆ?" ಎಂದರು ಮಾಮ.

ಕಡ್ಡಿ ಭೂತಗನ್ನಡಿಯನ್ನು ಕೆಳಗಿಟ್ಟಳು. ಯಾಕೆ ಅತ್ತಿಗೆ? ದಿನಾ ಅವನಿಗೆ ಅನ್ನ ಕೊಂಡುಹೋದ ಕೈ ಅದು. ನಿನ್ನೆ ತನ್ನ ತಲೆ ಸವರಿದ ಕೈ.

ಆಗ ಬಾಗಿಲಾಚೆ ಚಿಲಕ ಸರಿಯಿತು. ನಿಧಾನವಾಗಿ, ಸದ್ದಾಗದ ಹಾಗೆ ಸರಿಸಿದ್ದರೂ ಕೊನೆಯಲ್ಲಿ ಕಟಕ್ ಎಂದಿತು.

ಮಾಮ ತಟ್ಟನೆ ಎದ್ದು ಬಾಗಿಲು ಎಳೆದರು. ಬಾಗಿಲು ಅಲುಗಲಿಲ್ಲ.

"ಅತ್ತಿಗೆ?" ಎಂದಳು ಕಡ್ಡಿ.

ಹೊರಗಿನಿಂದ ಬಂದದ್ದು ಫೋನಿನಲ್ಲಿ ಮಾತಾಡುತ್ತಿದ್ದ ಅತ್ತಿಗೆಯ ದನಿ. ಅಳುವಿನಿಂದ ಒದ್ದೆಯಾಗಿ, ಒಡೆದು ಒಡೆದು ಬರುತ್ತಿತ್ತು. ಕೇಳಿದವರ ಕರುಳು ಚುರುಕ್ ಅನ್ನಬೇಕು.

"ಇನ್‌ಸ್ಪೆಕ್ಟರ್ ಸಾರ್... ನೀವು ಅನುಮಾನ ಪಟ್ಟಿದ್ದೇ ನಿಜ ಆಯ್ತು ಸಾರ್. ಗಿಟಾರ್ ಬಿಚ್ಚಿ ಕೂತಿದ್ದಾಳೆ. ಹೌದು ಸಾರ್, ಆ ರೇಡಿಯೋದವರೂ ಒಳಗೇ ಇದ್ದಾರೆ. ಇಬ್ಬರೂ ಸೇರಿ ಒಳಗಿನ ವೈರು ಬದಲಾಯಿಸ್ತಿದ್ದಾರೆ... ಇಲ್ಲ, ತಪ್ಪಿಸ್ಕೊಳಕ್ಕಾಗಲ್ಲ. ಹೊರಗಿಂದ ನಾನು ಚಿಲಕ ಹಾಕಿದ್ದೀನಿ. ಬೇಗ ಬನ್ನಿ ಸಾರ್, ನಂಗೆ ತುಂಬಾ ಭಯ ಆಗ್ತಿದೆ."